ಪಟ್ಟೆಯಿಲ್ಲದ ಅಳಿಲು

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆಯ ನಮ್ಮ ಅಂಗನವಾಡಿಯಲ್ಲಿ 13 ಮಕ್ಕಳಿದ್ದಾರೆ. ಮನೆಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಮರಾಠಿ ಆಡುವವರೆಲ್ಲ ಇಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಅವರಲ್ಲೊಬ್ಬಳು ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಪಟ್ಟಿ) ಕಟ್ಟಿಕೊಂಡು ನಡೆಯುತ್ತಾಳೆ. ಅವಳು ಸೇರಿದ ವರ್ಷ ನಾನೇ ಒಂದು ಚಿತ್ರಪುಸ್ತಕ ಮಾಡಿದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬರೆದು ದಾರದಿಂದ ಹೊಲಿದ 8 ಪುಟ, ಪುಟಕ್ಕೊಂದು ಸಾಲು. ಬೆನ್ನ ಮೇಲೆ ಪಟ್ಟೆಯೇ ಇಲ್ಲದ ಅಳಿಲಿನ ಕಥೆ. ಕೊನೆಯಲ್ಲಿ ‘ಬೇರೆಯಾಗಿದ್ದರೂ ನಾವೆಲ್ಲ ಒಂದೇ’ ಎಂದು ಕೆಂಪು ಅಕ್ಷರದಲ್ಲಿ ಬರೆದೆ.

ಮೊದಲ ದಿನ ಓದಿ ಮುಗಿಸಿ, ಕೇಳಬಾರದ್ದನ್ನು ಕೇಳಿದೆ: ‘ನಮ್ಮಲ್ಲಿ ಈ ಅಳಿಲಿನ ಹಾಗೆ ಯಾರಿದ್ದಾರೆ?’ ಹನ್ನೆರಡು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಅವಳು ಲಂಗವನ್ನು ಕೆಳಗೆಳೆದು ಕ್ಯಾಲಿಪರ್ ಮುಚ್ಚಿಕೊಂಡಳು.

ನಮ್ಮ ಊರಿಗೆ ಈ ತಿರುಗಿ ನೋಡುವುದು ಹೊಸತಲ್ಲ. ಇಲ್ಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಇಂದಿಗೂ ಯಾವುದೋ ಮಗುವಿನ ನಡಿಗೆಯೋ ಮಾತೋ ತುಸು ತೊಡರಿದರೆ, ಕಾರಣ ಏನೇ ಇರಲಿ, ದೊಡ್ಡವರ ಬಾಯಲ್ಲಿ ಮೊದಲು ಬರುವುದು ಆ ವಿಷದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಆಮೇಲೆ. ದೊಡ್ಡವರ ಆ ಅಭ್ಯಾಸವನ್ನೇ ನಾನು ನಾಲ್ಕು ವರ್ಷದ ಮಕ್ಕಳಿಗೆ ಕಲಿಸಿಕೊಟ್ಟಿದ್ದೆ.

ಎರಡು ವಾರ ಪುಸ್ತಕ ಹೊರತೆಗೆಯಲಿಲ್ಲ. ಆಮೇಲೆ ಕೆಂಪು ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ಮತ್ತೆ ಓದಿದೆ. ಚಿತ್ರ ಮಕ್ಕಳ ಕಡೆಗಿರುವಂತೆ ಹಿಡಿದು, ಪುಟ ತಿರುಗಿಸಿದ ಮೇಲೆ ಯಾರಾದರೂ ಮಾತಾಡುವವರೆಗೂ ಸುಮ್ಮನಿದ್ದೆ. ಟೀಚರ್ ಆದವರಿಗೆ ಇದು ನಿಜಕ್ಕೂ ಕಷ್ಟ. ‘ಚಣಿಲ್’ ಎಂದಿತು ತುಳು ಮನೆಯ ಮಗು. ‘ಅಲ್ಲ, ಅಣ್ಣಾನ್’ ಎಂದಳು ಮಲಯಾಳ ಮನೆಯ ಇನ್ನೊಬ್ಬಳು. ಸಾಂಗ್ಲಿಯ ಕಡೆಯಿಂದ ಬಂದ ಮನೆಯ ಹುಡುಗ ಅಳಿಲಿಗೆ ಮರಾಠಿಯಲ್ಲಿ ‘ಖಾರ’ ಎಂದಾಗ ಉಳಿದವರೆಲ್ಲ ನಾಲಗೆ ಹೊರಹಾಕಿ ಗಾಳಿ ಹಾಕಿಕೊಂಡರು. ಅವನೂ ನಕ್ಕ.

‘ರಾಮ ಇದರ ಬೆನ್ನು ಸವರಲಿಲ್ಲವೇ?’ ಎಂದು ಒಬ್ಬ ಕೇಳಿದ. ಉತ್ತರ ನಾಲಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ‘ಆಗ ಅದು ಮರಳು ತರಲು ಹೋಗಿತ್ತು’ ಎಂದಳು ಹಿಂದೆ ಕುಳಿತಿದ್ದವಳು. ಎಲ್ಲರೂ ಒಪ್ಪಿದರು.

ಈಗ ನಾನು ಅಳಿಲು ಏನು ಮಾಡುತ್ತಿದೆ, ಅದಕ್ಕೆ ಏನು ಬೇಕು ಎಂದಷ್ಟೇ ಕೇಳುತ್ತೇನೆ. ಯಾರ ಹಾಗಿದೆ ಎಂದು ಕೇಳುವುದಿಲ್ಲ. ಕ್ಯಾಲಿಪರ್ ಬಗ್ಗೆ ಮಗುವೊಂದು ನೇರವಾಗಿ ಕೇಳಿದರೆ ಗದರುವುದೂ ಇಲ್ಲ, ಪಿಸುಗುಟ್ಟುವುದೂ ಇಲ್ಲ. ‘ನೀನೇ ಹೇಳುತ್ತೀಯಾ, ನಾನು ಹೇಳಲೇ?’ ಎಂದು ಮೊದಲು ಅವಳನ್ನು ಕೇಳುತ್ತೇನೆ. ಅವಳು ನನ್ನ ಕಡೆ ಕೈ ತೋರಿಸಿದರೆ, ‘ಅವಳ ಕಾಲಿಗೆ ಆಧಾರ ಬೇಕು, ಇದು ಆಧಾರ ಕೊಡುತ್ತದೆ’ ಎನ್ನುತ್ತೇನೆ. ಅಷ್ಟು ಸಾಕಾಗುತ್ತದೆ.

ಪುಸ್ತಕವನ್ನು ಕಪಾಟಿನಲ್ಲಿಡದೆ ಚಾಪೆಯ ಪಕ್ಕದಲ್ಲೇ ಬಿಡುತ್ತೇನೆ. ನಾಲ್ಕನೆಯ ಓದಿನ ಮರುದಿನ ಅವಳು ಅದನ್ನು ಎತ್ತಿಕೊಂಡು ಬಂದು, ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುವ ಪುಟದ ಮೇಲೆ ಬೆರಳಿಟ್ಟಳು.

‘ಟೀಚರ್, ಬಾಲ ಗಿಡ್ಡವಾಯಿತು. ಇದು ಬೀಳುತ್ತದೆ.’

ಕಂದು ಕ್ರೆಯಾನ್ ಕೊಟ್ಟೆ. ಬಾಲ ಈಗ ಪುಟದ ಅಂಚಿನವರೆಗೂ ಇದೆ.