ಬೆಲ್ಲದ ಮಂಡಿ ಚೀಟಿಗೆ ಕನ್ನಡದ ತಾರೀಖು ಬರಿಸಿದ್ದು

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ನಂದು. ಹಳೇ ಬಿಲ್ಲಿಂಗ್ ಪ್ರೋಗ್ರಾಂನಿಂದ ಲೆಕ್ಕವನ್ನು ಎಕ್ಸೆಲ್‌ಗೆ ತಂದು, ಅಲ್ಲಿಂದ ರೈತರ ಚೀಟಿ ಪ್ರಿಂಟ್ ಹಾಕುತ್ತೇವೆ. ತೂಕ, ದರ, ಹಮಾಲಿ ಎಲ್ಲ ಕನ್ನಡದಲ್ಲೇ. ವಾರ, ತಿಂಗಳು ಮಾತ್ರ ಇಂಗ್ಲಿಷ್. ಸಾಫ್ಟ್‌ವೇರ್‌ನವರನ್ನು ಕೇಳಿದರೆ, "ಆಗಲ್ಲ ಸಾರ್, ಹೊಸ ವರ್ಷನ್ ತಗೊಳ್ಳಿ" ಅಂದರು. ಏಳೆಂಟು ಸಾವಿರದ ಮಾತು. ಯಜಮಾನರು, "ಬಿಡಪ್ಪ ಅತ್ಲಾಗೆ" ಅಂತ ಕೈಬಿಟ್ಟರು. ನಾನು ಬಿಡಲಿಲ್ಲ.

ಮೊದಲು ವಿಂಡೋಸ್‌ನ ರೀಜನಲ್ ಫಾರ್ಮ್ಯಾಟನ್ನೇ, ಅಂದರೆ ತಾರೀಖು, ಗಂಟೆ ಯಾವ ಭಾಷೆಯಲ್ಲಿ ಬರಬೇಕು ಅನ್ನೋ ಸೆಟ್ಟಿಂಗನ್ನೇ, ಕನ್ನಡ ಮಾಡಿದೆ. ಗಡಿಯಾರದ ಪಕ್ಕ ಪೂರ್ವಾಹ್ನ, ಅಪರಾಹ್ನ ಅಂತ ಚೆಂದವಾಗಿ ಬಂತು. ಬಿಲ್ಲಿಂಗ್ ಪ್ರೋಗ್ರಾಂ ತೆರೆದರೆ ಅದೇ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ. ಆ ಪ್ರೋಗ್ರಾಂ, ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರು ಕೊಡುವ ಯೂನಿಕೋಡ್ ಕಾಣದ ಕಾಲದ್ದು. ಅಂಥ ಹಳೇ ಪ್ರೋಗ್ರಾಂಗಳು ನೋಡುವ ಅಕ್ಷರಪಟ್ಟಿ, ಅಂದರೆ ಆನ್ಸಿ ಕೋಡ್‌ಪೇಜು, ವಿಂಡೋಸ್‌ನಲ್ಲಿ ಕನ್ನಡಕ್ಕೆ ಇಲ್ಲವೇ ಇಲ್ಲ, ಇನ್ನು ಅದಕ್ಕೆ ಓದಲು ಹೇಗೆ ಬರಬೇಕು? ಅಕ್ಷರ ಬದಲಿಸಲು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್ ಹಾಕಿ ನೋಡಿದೆ, ಅದೂ ದಂಡ. ಇಷ್ಟರಲ್ಲಿ ಕಾಗದ, ಟೋನರ್ ಅಂತ ಇನ್ನೂರು ಮುನ್ನೂರು ರೂಪಾಯಿ ಹೋಗಿತ್ತು.

ಆಮೇಲೆ ವಿಂಡೋಸನ್ನು ಇಂಗ್ಲಿಷ್ ಇಂಡಿಯಾಗೇ ವಾಪಸ್ ಮಾಡಿ, ಎಕ್ಸೆಲ್‌ನ ಒಂದೇ ಒಂದು ಸೆಲ್ಲಿಗೆ ಕೈ ಹಾಕಿದೆ. ಸೆಲ್ ಹೇಗೆ ಕಾಣಬೇಕು ಅಂತ ನಾವೇ ಬರೆಯುವ ಕಸ್ಟಮ್ ಫಾರ್ಮ್ಯಾಟ್‌ನ ಶುರುವಿನಲ್ಲೇ ಚೌಕ ಬ್ರ್ಯಾಕೆಟ್ ಒಳಗೆ ಡಾಲರ್, ಮೈನಸ್, 44ಬಿ, ಅಂದರೆ [$-44B]. 44ಬಿ ಅನ್ನೋದೇ ವಿಂಡೋಸ್‌ನಲ್ಲಿ ಕನ್ನಡ ಭಾಷೆಯ ನಂಬರು. ಅದರ ಬೆನ್ನಿಗೆ ನಾಲ್ಕು ಡಿ ಹಾಕಿದರೆ ವಾರ, ನಾಲ್ಕು ಎಂ ಹಾಕಿದರೆ ತಿಂಗಳು. ಆದರೂ ಕೆಲವು ಚೀಟಿ ಇಂಗ್ಲಿಷಲ್ಲೇ ನಿಂತವು. ನೋಡಿದರೆ ಆ ತಾರೀಖುಗಳು ಸೆಲ್ಲಿನ ಎಡಕ್ಕೆ ಅಂಟಿಕೊಂಡಿದ್ದವು. ಅಂದರೆ ಅವು ತಾರೀಖಲ್ಲ, ಸುಮ್ನೆ ಅಕ್ಷರ. ಎಕ್ಸೆಲ್‌ನ ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ದಿನ, ತಿಂಗಳು, ವರ್ಷ ಅಂತ ಹೇಳಿಕೊಟ್ಟ ಮೇಲೆ ದಾರಿಗೆ ಬಂದವು. ಸೆಪ್ಟೆಂಬರ್ ಹಾಕಿ ನೋಡಿದರೆ ಬರೀ #### ಬಂತು. ಕಾಲಂ ಅಗಲ ಮಾಡಿದೆ. ಪ್ರಿಂಟಿನಲ್ಲಿ 'ಪ್ಟೆ' ಕೆಳಗಿನ ಒತ್ತು ಅರ್ಧಕ್ಕೆ ಕಟ್ಟಾಗುತ್ತಿತ್ತು, ಸಾಲಿನ ಎತ್ತರ ಚೂರು ಜಾಸ್ತಿ ಮಾಡಿದೆ. ಫಾಂಟ್ ನಿರ್ಮಲಾ ಯುಐ.

ಇದರ ಹುಚ್ಚಿನಲ್ಲಿ ಮನೆಯ ಹಳೇ ಲಿನಕ್ಸ್ ಲ್ಯಾಪ್‌ಟಾಪ್‌ಗೂ ತಾರೀಖಿನ ಭಾಷೆ ಹೇಳುವ ಎಲ್‌ಸಿ ಟೈಮ್ (LC_TIME) ಸೆಟ್ಟಿಂಗ್ ಒಂದನ್ನೇ ಕನ್ನಡ ಮಾಡಿದೆ. ಮೆನು ಇಂಗ್ಲಿಷ್, ಕ್ಯಾಲೆಂಡರ್ ಕನ್ನಡ, ಹಾಯಾಗಿದೆ. ಎಲ್ಲಕ್ಕೂ ಒಂದೇ ಭಾಷೆ ಹೇರುವ ಎಲ್‌ಸಿ ಆಲ್ (LC_ALL) ಎಲ್ಲಾದರೂ ಕೂತಿದ್ದರೆ ಮೊದಲು ತೆಗೀರಿ, ಅದಿದ್ದರೆ ಎಲ್‌ಸಿ ಟೈಮ್ ಮಾತು ನಡೆಯಲ್ಲ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಒತ್ತಕ್ಷರ ಚದುರಿ ಬೀಳುತ್ತೆ, ಅದನ್ನು ನಾನು ಬಿಟ್ಟೆ.

ಈಗ ಚೀಟಿಯಲ್ಲಿ ಅಂಕಿಯೂ ಕನ್ನಡದ್ದೇ, ೧೨, ೧೩ ಅಂತ. ಅದೂ ಆ 44ಬಿ ಇರುವ ಬ್ರ್ಯಾಕೆಟ್ಟಿನಲ್ಲೇ ಆಗುತ್ತೆ, ಹೇಗೆ ಅಂತ ಸದ್ಯಕ್ಕೆ ಹೇಳಲ್ಲ. ಪಕ್ಕದ ಎರಡು ಮೂರು ಮಂಡಿಯವರು ಕರೆದಿದ್ದಾರೆ, ಒಂದಕ್ಕೆ ಐನೂರು ಅಂತ ಮಾತಾಗಿದೆ.