ಯಾರ ವೆಲ್ಡಿಂಗ್ ಗಟ್ಟಿ? ಮುರಿದು ನೋಡುವ ಕ್ರಮ

ತುಮಕೂರಿನ ಅಂತರಸನಹಳ್ಳಿ ಕಡೆಯ ಶೆಡ್ಡುಗಳಲ್ಲಿ ದಿನವಿಡೀ ವೆಲ್ಡಿಂಗ್ ರಾಡು ಸುಡುವವರು ಇದ್ದಾರೆ. ತೋಟದ ಮನೆಯಲ್ಲಿ ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡು ಬಿಡುವಾದಾಗ ಗೇಟು ಕೂಡಿಸುವವರೂ ಇದ್ದಾರೆ. ಇಬ್ಬರೂ ಸೇರಿದರೆ ಫೋನಿನಲ್ಲಿ ಫೋಟೊ ತೆಗೆದು ‘ನಂದು ನೋಡು, ನಿಂದು ನೋಡು’ ಎನ್ನುವುದು ಇದ್ದದ್ದೇ. ಫೋಟೊದಲ್ಲಿ ಕಾಣುವುದು ಬೀಡಿನ, ಅಂದರೆ ರಾಡು ಕರಗಿ ಕೂತ ಲೋಹದ ಸಾಲಿನ, ಮೇಲ್ಮೈ ಮಾತ್ರ. ಜಡೆ ಹೆಣೆದ ಹಾಗೆ ಸಾಲಾಗಿ ಕೂತ ಬೀಡು ಒಳಗೆ ಪಟ್ಟಿಯನ್ನು ಹಿಡಿದೇ ಇರದಿರಬಹುದು. ಹಾಗಾಗಿ ಹೋಲಿಸುವುದಾದರೆ ಮುರಿದು ಹೋಲಿಸಿ.

ಮೊದಲು ಒಂದು ತೀರ್ಮಾನ ಆಗಬೇಕು: ಹೋಲಿಸುವುದು ಕೈಯನ್ನೋ, ಮೆಷಿನ್ನನ್ನೋ? ಕೈ ಆದರೆ ಎಲ್ಲರೂ ಒಂದೇ ಮೆಷಿನ್ನಿನಲ್ಲಿ ಕೂಡಿಸಬೇಕು. ಮೆಷಿನ್ ಆದರೆ ಒಬ್ಬನೇ ಎಲ್ಲದರಲ್ಲೂ ಕೂಡಿಸಬೇಕು. ಎರಡನ್ನೂ ಬೆರೆಸಿದರೆ ಕೊನೆಗೆ ಉಳಿಯುವುದು ಜಗಳ ಮಾತ್ರ.

ಸಾಮಾನು ಹೆಚ್ಚೇನಿಲ್ಲ. 50×6 ಮಿ.ಮೀ. ಎಂಎಸ್ ಫ್ಲ್ಯಾಟ್ (ಸಾದಾ ಉಕ್ಕಿನ ಪಟ್ಟಿ) ಸಾಕು. ಮೀಟರಿಗೆ ಸುಮಾರು 2.35 ಕೆ.ಜಿ. ತೂಗುತ್ತದೆ. 150 ಮಿ.ಮೀ. ಉದ್ದದ ಎರಡು ತುಂಡು, ಮಲಗಿಸಿದ ಒಂದರ ಮೇಲೆ ಇನ್ನೊಂದು ನೇರ ನಿಂತರೆ ಒಂದು ‘ಟಿ’. ಐದು ಜನ ತಲಾ ಎರಡು ‘ಟಿ’ ಮಾಡಿದರೆ 3 ಮೀಟರ್, ಅಂದರೆ ಏಳು ಕೆ.ಜಿ. ಚಿಲ್ಲರೆ, ಕಟಿಂಗ್ ವೀಲ್ ತಿನ್ನುವುದಕ್ಕೆ ಇನ್ನೊಂದು ಗೇಣು ಹೆಚ್ಚಿಗೆ ತನ್ನಿ. ಎಲ್ಲ ತುಂಡೂ ಒಂದೇ ಪಟ್ಟಿಯದಾಗಿರಲಿ, ರಾಡೂ ಒಂದೇ ಪ್ಯಾಕೆಟ್ಟಿನದು: 6013 (ಸಾಮಾನ್ಯ ಬಳಕೆಯ ರಾಡಿನ ನಮೂನೆ), ಹತ್ತು ಗೇಜಿನದು, ಅಂದರೆ 3.15 ಮಿ.ಮೀ. ಪ್ಯಾಕೆಟ್ ಒಡೆದು ಮಳೆಗಾಲ ಕಳೆದಿದ್ದರೆ 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. 7018 ಎಂಬ ಕಡಿಮೆ ಹೈಡ್ರೋಜನ್ನಿನ ರಾಡು ಬಳಸುವವರಿಗೆ ಅಷ್ಟು ಸಾಲದು. ಅದಕ್ಕೆ 300 ಡಿಗ್ರಿ ಮೇಲೆ ಬೇಕು, ಅಡುಗೆಮನೆಯ ಓವನ್ನಿನಲ್ಲಿ ಆಗುವ ಕೆಲಸವಲ್ಲ.

ಬೀಡು ಕೂರುವ ಜಾಗದಿಂದ ಎರಡೂ ಕಡೆ 20 ಮಿ.ಮೀ. ಅಗಲಕ್ಕೆ ಕಪ್ಪು ಪದರ, ತುಕ್ಕು ಎಲ್ಲ ಗ್ರೈಂಡ್ ಮಾಡಿ. ನಡುವೆ ಸಂದು ಬಿಡದೆ ಒಂದರ ಮೇಲೊಂದು ನೇರ ನಿಲ್ಲಿಸಿ, ಎರಡು ತುದಿಗಳಲ್ಲಿ ಟ್ಯಾಕ್ (ಹಿಡಿದಿಡಲು ಚಿಕ್ಕ ಚುಕ್ಕಿ ಬೆಸುಗೆ) ಹೊಡೆಯಿರಿ. ಹಿಂಬದಿಗೆ ಟ್ಯಾಕ್ ಬೇಡ. ಮುರಿಯುವಾಗ ಅದೇ ಹಿಡಿದುಕೊಂಡು ಸುಳ್ಳು ಬಲ ತೋರಿಸುತ್ತದೆ. ಹೆಸರಿನ ಬದಲು ಸೆಂಟರ್ ಪಂಚಿನಲ್ಲಿ ಚುಕ್ಕಿ ಹಾಕಿ. ಯಾರದ್ದು ಎಂದು ಗೊತ್ತಿದ್ದರೆ ತೀರ್ಪು ನೆಟ್ಟಗೆ ಬರುವುದಿಲ್ಲ.

ಕೂಡಿಸುವುದು ಒಂದೇ ಕಡೆ, 5 ಮಿ.ಮೀ. ಕಾಲಿನ ಬೀಡು (ಮೂಲೆಯಿಂದ ಒಂದೊಂದು ಪಟ್ಟಿಯ ಮೇಲೂ 5 ಮಿ.ಮೀ. ಹರಡಿದ್ದು). ಕರೆಂಟು 110ರಿಂದ 120 ಆಂಪಿಯರ್. ರಾಡು ಎರಡು ಪಟ್ಟಿಗಳ ನಡುವೆ 45 ಡಿಗ್ರಿ, ತುದಿ ಬಂದ ದಾರಿಯ ಕಡೆ ನೋಡುವಂತೆ ಹೋಲ್ಡರ್ ಸಾಗುವ ಕಡೆಗೆ ಸ್ವಲ್ಪ ವಾಲಿರಲಿ. ಆರ್ಕ್ ಉದ್ದ, ಅಂದರೆ ರಾಡಿನ ತುದಿಗೂ ಪಟ್ಟಿಗೂ ನಡುವೆ ಉರಿಯುವ ಕಿಡಿಯ ಉದ್ದ, ರಾಡಿನ ದಪ್ಪಕ್ಕಿಂತ ಹೆಚ್ಚಬಾರದು. ಸರಿಯಾಗಿ 75 ಮಿ.ಮೀ.ಗೆ ಬೇಕೆಂದೇ ನಿಲ್ಲಿಸಿ, ಸ್ಲ್ಯಾಗ್ (ಬೀಡಿನ ಮೇಲೆ ಗಟ್ಟಿಯಾಗುವ ಕಿಟ್ಟ) ಕುಟ್ಟಿ, ಬ್ರಷ್ ಹೊಡೆದು ಮತ್ತೆ ಶುರು ಮಾಡಿ. ಹೊಸ ಆರ್ಕನ್ನು, ಬೀಡು ನಿಂತಲ್ಲಿ ಉಳಿದ ಗುಂಡಿಗಿಂತ 10 ಮಿ.ಮೀ. ಮುಂದೆ ಹಚ್ಚಿ, ಹಿಂದಕ್ಕೆ ತಂದು ಗುಂಡಿ ತುಂಬಿ, ಆಮೇಲೆ ಮುಂದಕ್ಕೆ ಸಾಗಬೇಕು. ಕಸುಬಿನವನಿಗೂ ಹವ್ಯಾಸಿಗೂ ಇರುವ ವ್ಯತ್ಯಾಸ ನೇರ ಓಟದಲ್ಲಿ ಅಷ್ಟಾಗಿ ಕಾಣದು. ಈ ಕೂಡುಜಾಗದಲ್ಲಿ ಬಯಲಾಗುತ್ತದೆ.

ವೇಗ ಸರಿಯಿತ್ತೇ ಎಂದು ತಿಳಿಯಲು ಉಳಿದ ರಾಡು ಅಳೆಯಿರಿ. 150 ಮಿ.ಮೀ. ಉದ್ದದ, 5 ಮಿ.ಮೀ. ಕಾಲಿನ ಬೀಡಿಗೆ ಹತ್ತು ಗೇಜಿನ ರಾಡು ಸುಮಾರು 300 ಮಿ.ಮೀ. ಕರಗಬೇಕು. 200 ಮಾತ್ರ ಕರಗಿದ್ದರೆ ಓಡಿದ್ದೀರಿ, ಬೀಡು ಸಣಕಲು. 400 ಕರಗಿದ್ದರೆ ಲೋಹ ಗುಡ್ಡೆ ಬಿದ್ದಿದೆ.

ಮುರಿಯುವ ಮುಂಚೆ ಬೀಡಿನ ಅಂಚಿನಲ್ಲಿ ಉಗುರು ಆಡಿಸಿ. ನಿಂತ ಪಟ್ಟಿಯ ಕಡೆ ಉಗುರು ಸಿಕ್ಕಿಕೊಂಡರೆ ಅಂಡರ್‌ಕಟ್: ಕರೆಂಟು ಜಾಸ್ತಿ ಅಥವಾ ಆರ್ಕ್ ಉದ್ದ. ಕೆಳಪಟ್ಟಿಯ ಮೇಲೆ ಲೋಹ ತುಟಿಯ ಹಾಗೆ ಮಡಚಿ ಕೂತಿದ್ದರೆ ಕರೆಂಟು ಕಮ್ಮಿ, ಕೈ ನಿಧಾನ.

ಈಗ ವೈಸ್‌ಗೆ ಕೊಡಿ. ತುದಿಯ ಟ್ಯಾಕ್‌ಗಳನ್ನು ಗ್ರೈಂಡರಿನಲ್ಲಿ ತೆಗೆದು, ಬೀಡು ಇಲ್ಲದ ಕಡೆಯಿಂದ ಸುತ್ತಿಗೆಯಲ್ಲಿ ಹೊಡೆದು, ನಿಂತ ಪಟ್ಟಿಯನ್ನು ಬೀಡಿನ ಮೇಲೆ ಮಲಗಿಸಬೇಕು. ಆಗ ಬೇರಿನ ಜಾಗ, ಅಂದರೆ ಎರಡು ಪಟ್ಟಿ ಕೂಡುವ ಒಳಮೂಲೆ, ಬಾಯಿ ತೆರೆಯುತ್ತದೆ. ಪೂರ್ತಿ ಮಲಗಿಯೂ ಮುರಿಯದಿದ್ದರೆ ಪಾಸು. ಮುರಿದರೆ ಬಿಸಾಡಬೇಡಿ, ಒಳಗೆ ಓದಬೇಕಾದ್ದು ಇರುವುದೇ ಅಲ್ಲಿ. ಬೂದುಬಣ್ಣದ, ತೂತಿಲ್ಲದ ಮುಖ ಒಳ್ಳೆಯ ಲೋಹದ್ದು. ಬೇರಿನ ಉದ್ದಕ್ಕೂ ಪಟ್ಟಿಯ ಮೂಲ ಅಂಚು ಕರಗದೆ, ಗೆರೆ ಎಳೆದ ಹಾಗೆ ನೇರವಾಗಿ ಉಳಿದಿದ್ದರೆ ಬೆಸುಗೆ ಬೇರು ಮುಟ್ಟಿಲ್ಲ. ಕಾರಣ ಬಹುತೇಕ ಎರಡೇ: ಕರೆಂಟು ಸಾಲದು, ಇಲ್ಲವೇ ರಾಡು ತೀರಾ ಮಲಗಿ ಸ್ಲ್ಯಾಗ್ ಮುಂದೆ ಓಡಿದೆ. 6013ರಲ್ಲಿ ಎರಡನೆಯದು ಬಲು ಸಾಮಾನ್ಯ. ಕಪ್ಪು ಗಾಜಿನಂಥ ಚೂರು ಸಿಕ್ಕಿದರೆ ಅದೇ ಸ್ಲ್ಯಾಗ್. ಕೂಡುಜಾಗದಲ್ಲಿ ಸಿಕ್ಕಿದರೆ ಕುಟ್ಟುವುದರಲ್ಲಿ ಸೋಮಾರಿತನ. ದುಂಡಗಿನ ತೂತುಗಳಿಗೆ ತೇವದ ರಾಡು, ಬಣ್ಣ, ಎಣ್ಣೆ ಕಾರಣ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯೂಎಸ್) ಡಿ1.1 ಸಂಹಿತೆಯ ಲೆಕ್ಕದಲ್ಲಿ, ಬೇರಿನ ತನಕ ಬೆಸೆದಿರಬೇಕು, ಯಾವ ತೂತೂ ಸ್ಲ್ಯಾಗೂ 2.5 ಮಿ.ಮೀ. ಮೀರಬಾರದು, 150 ಮಿ.ಮೀ. ಉದ್ದದಲ್ಲಿ ಎಲ್ಲ ಸೇರಿ 10 ಮಿ.ಮೀ. ದಾಟಬಾರದು. ಮನೆ ಗೇಟಿಗೆ ಇಷ್ಟು ಬಿಗಿ ಬೇಡ ಅನ್ನಿಸಬಹುದು. ಟ್ರ್ಯಾಕ್ಟರ್ ಟ್ರೈಲರಿನ ಕೊಂಡಿಗೆ ಬೇಕೇ ಬೇಕು.

ಮಿಗ್ (ರಾಡಿನ ಬದಲು ತಂತಿ, ಗ್ಯಾಸು ಬಳಸುವ ಬೆಸುಗೆ) ಮಾಡುವವರಿಗೆ ಪ್ರತ್ಯೇಕ ಮಾತು. 0.8 ಮಿ.ಮೀ. ತಂತಿಯಲ್ಲಿ ಕಡಿಮೆ ವೋಲ್ಟೇಜಿಗೆ ಕೂಡಿಸಿದ ಬೀಡು ನೋಡಲು ಎಲ್ಲಕ್ಕಿಂತ ಚೆಂದ. 6 ಮಿ.ಮೀ. ಪಟ್ಟಿಯಲ್ಲಿ ಮುರಿದಾಗ ಬುಡ ಹಿಡಿಯದೆ ಕಳಚುವುದೂ ಅದೇ. ಆಷಾಢದ ಗಾಳಿಯಲ್ಲಿ ಹೊರಗೆ ಕೂಡಿಸಿದರಂತೂ ಗ್ಯಾಸು ಹಾರಿಹೋಗಿ ಬೀಡು ತುಂಬ ತೂತು. ತಡಿಕೆ ಅಡ್ಡ ಕಟ್ಟಿ.

ಮೆಷಿನ್ ಹೋಲಿಕೆಗೆ ಡಯಲ್ ನಂಬಬೇಡಿ. ಡಿಸಿ ಓದುವ ಕ್ಲ್ಯಾಂಪ್ ಮೀಟರನ್ನು ಹೋಲ್ಡರ್ ಕೇಬಲ್ಲಿಗೆ ಹಾಕಿ, ಆರ್ಕ್ ಉರಿಯುವಾಗ ನೋಡಿ. ಎಸಿ ಮಾತ್ರ ಓದುವ ಅಗ್ಗದ ಮೀಟರ್ ಇನ್ವರ್ಟರಿಗೆ ಉಪಯೋಗವಿಲ್ಲ. ಡಯಲ್ಲಿಗಿಂತ ತೀರಾ ಕಮ್ಮಿ ಬಂದರೆ ಮೆಷಿನ್ ಬೈಯುವ ಮುಂಚೆ ಒಳಬರುವ ವೋಲ್ಟೇಜ್ ಅಳೆಯಿರಿ, ಅದೂ ಆರ್ಕ್ ಉರಿಯುತ್ತಿರುವಾಗಲೇ. ಕೋಲಾರ, ಚಿಂತಾಮಣಿ ಕಡೆ ತೋಟಗಳಲ್ಲಿ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಅದರ ಮೇಲೆ 30 ಮೀಟರ್ ಉದ್ದದ, 1.5 ಚದರ ಮಿ.ಮೀ. ತಾಮ್ರದ ಎಕ್ಸ್‌ಟೆನ್ಷನ್ ವೈರ್ ಎಳೆದರೆ 20 ಆಂಪಿಯರಿಗೆ ಇನ್ನೂ 14–15 ವೋಲ್ಟ್ ಅಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ವೈರ್ ಹಾಕಿದರೆ ಐದಾರು ವೋಲ್ಟಿಗೆ ಇಳಿಯುತ್ತದೆ.

ಇನ್ನು ಅರ್ಥ್ ಕ್ಲ್ಯಾಂಪ್. ಮೆಷಿನ್ ಜೊತೆ ಬರುವ ತೆಳು ತಗಡಿನ ಕ್ಲ್ಯಾಂಪು ಎರಡು ರಾಡು ಸುಡುವಷ್ಟರಲ್ಲಿ ಬಿಸಿಯೇರಿದರೆ, ಹಿಡಿತ ಸಾಲದೆ ಶಕ್ತಿ ಅಲ್ಲೇ ಬಿಸಿಯಾಗಿ ಪೋಲಾಗುತ್ತಿದೆ ಎಂದರ್ಥ. ಹೊಸ ಮೆಷಿನ್ನಿಗೆ ಹಣ ಹೊಂದಿಸುವ ಮುಂಚೆ ಹಿತ್ತಾಳೆ ಕ್ಲ್ಯಾಂಪು, 25 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ ಇದೇ ‘ಟಿ’ ಇನ್ನೊಮ್ಮೆ ಮುರಿಯಿರಿ.

ಪೆಟ್ಟಿಗೆ ಮೇಲಿನ ‘200 ಆಂಪಿಯರ್’ ಪಕ್ಕದಲ್ಲಿ ಡ್ಯೂಟಿ ಸೈಕಲ್ ನೋಡದೆ ಎರಡು ಮೆಷಿನ್ ಸಮ ಎನ್ನಬೇಡಿ. 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆರ್ಕ್, ನಾಲ್ಕು ನಿಮಿಷ ವಿರಾಮ. 20 ಪರ್ಸೆಂಟಿನದು ಎರಡೇ ನಿಮಿಷಕ್ಕೆ ದಣಿಯುತ್ತದೆ. ತೋಟದ ಗೇಟಿಗೆ ಅಷ್ಟೇ ಸಾಕು, ಶೆಡ್ಡಿನ ಕೆಲಸಕ್ಕೆ ಸಾಲದು.