ಹೈಡ್ರೇಂಜಿಯ: ಕತ್ತರಿ ಕೆಳಗಿಟ್ಟ ಮೇಲೆ ಬಂದ ಹೂ

ನನ್ನ ಕೈತೋಟದ ಹಳೆಯ ಹೈಡ್ರೇಂಜಿಯ ಪೊದೆಯಲ್ಲಿ ಈ ಸಲ 60ರ ಆಸುಪಾಸು ಗೊಂಚಲುಗಳು ಅರಳಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಅಪ್ಪಟ ನೀಲಿ. ಮೂರು ವರ್ಷ ಒಂದೇ ಒಂದು ಹೂವನ್ನೂ ಕೊಡದಿದ್ದ ಗಿಡ ಇದು. ಇದನ್ನು ಕಿತ್ತು ಬೇರೇನಾದರೂ ನೆಡಿ ಎಂದವರೂ, ವರ್ಷಕ್ಕೊಮ್ಮೆ ಸವರದಿದ್ದರೆ ಪೊದೆ ಕಾಡು ಬೀಳುತ್ತದೆ ಎಂದು ಪಟ್ಟು ಹಿಡಿದವರೂ ಈಗ ನೆಡುವುದಕ್ಕೆ ಕಡ್ಡಿ ಕೇಳುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡುವುದು ಒಳ್ಳೆಯದೆನಿಸಿತು.

ಗುಲಾಬಿ ಬೆಳೆಸಿ ಪಳಗಿದ ಕೈ ನನ್ನದು. ಅದೇ ಅಭ್ಯಾಸದಿಂದ ಎಲೆ ಉದುರಿದ ಕೂಡಲೇ ಹೈಡ್ರೇಂಜಿಯವನ್ನೂ ಅರ್ಧಕ್ಕೆ ಕತ್ತರಿಸುತ್ತಿದ್ದೆ. ಹೂ ಬಾರದಿದ್ದಾಗ ಗೊಬ್ಬರ ಸಾಲದೆಂದುಕೊಂಡು ಯೂರಿಯಾ ಹೆಚ್ಚಿಸಿದೆ. ಎಲೆಗಳು ಅಂಗೈಗಿಂತ ಅಗಲವಾಗಿ ಕಪ್ಪು ಹಸಿರಿಗೆ ತಿರುಗಿದವೇ ಹೊರತು ಮೊಗ್ಗು ಕಾಣಲಿಲ್ಲ. ಹೂ ಬರಿಸುವುದೆಂದು ಮಾರುವ ಟಾನಿಕ್ಕುಗಳಿಗೆ ಸುರಿದ ಹಣವನ್ನೂ, ಆಮೇಲೆ ಕೊಂಡುತಂದು ಕಳೆದುಕೊಂಡ ಎರಡು ಗಿಡಗಳ ಬೆಲೆಯನ್ನೂ ಕೂಡಿಸಿದರೆ ಎಂಟು ಹತ್ತು ಒಳ್ಳೆಯ ಗಿಡಗಳನ್ನು ಕೊಳ್ಳಬಹುದಿತ್ತು. ಆ ಎರಡರಲ್ಲಿ ಒಂದು ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಯಿತು. ಇನ್ನೊಂದನ್ನು ನಾನೇ ನೀರು ಹಾಕಿ ಕೊಂದೆ. ನಡುಹಗಲಲ್ಲಿ ಎಲೆ ಜೋತುಬಿದ್ದಾಗಲೆಲ್ಲ ನೀರೆರೆದು ಬೇರು ಕೊಳೆಸಿದ್ದೆ. ಈಗ ಮಣ್ಣಿನೊಳಗೆ ಎರಡು ಅಂಗುಲ ಬೆರಳಿಳಿಸಿ ತೇವ ತಾಗಿದರೆ ಸುಮ್ಮನಿದ್ದುಬಿಡುತ್ತೇನೆ. ಸಂಜೆಯ ಹೊತ್ತಿಗೆ ಎಲೆಗಳು ತಾವಾಗಿ ಎದ್ದು ನಿಲ್ಲುತ್ತವೆ.

ನನ್ನ ತಪ್ಪು ತಿಳಿದದ್ದು ಮೂರನೆಯ ವರ್ಷ, ಆಗಷ್ಟೇ ಕತ್ತರಿಸಿ ರಾಶಿ ಹಾಕಿದ್ದ ಕಡ್ಡಿಗಳ ಎದುರು ಕುಳಿತಿದ್ದಾಗ. ಒಂದು ಕಡ್ಡಿಯ ತುದಿಯ ಮೊಗ್ಗು ಉಳಿದವಕ್ಕಿಂತ ದಪ್ಪಗಿದೆಯೆನಿಸಿ, ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಮಡಿಚಿಕೊಂಡಿದ್ದ ಎಳೆಯ ಎಲೆಗಳ ನಡುವೆ, ಸಾಸಿವೆಗಿಂತ ಸಣ್ಣ ಹಸಿರು ಕಾಳುಗಳು ಹೂಕೋಸಿನಂತೆ ಒತ್ತಾಗಿ ಕೂತಿದ್ದವು. ಅದು ಮುಂದಿನ ಹಂಗಾಮಿನ ಹೂಗೊಂಚಲು. ಇರುಳು ತಂಪಾಗತೊಡಗಿದಾಗಲೇ ಗಿಡ ಹಳೆಯ ಕಡ್ಡಿಯಲ್ಲಿ ಹೂವನ್ನು ಕಟ್ಟಿಟ್ಟಿರುತ್ತದೆ, ನಾನು ಅದನ್ನು ವರ್ಷವರ್ಷವೂ ಕತ್ತರಿಸಿ ತಿಪ್ಪೆಗೆ ಹಾಕುತ್ತಿದ್ದೆ. ಆ ದಿನ ನನಗಾದ ಸಂಕಟ ಸಣ್ಣದಲ್ಲ.

ಅಲ್ಲಿಂದೀಚೆಗೆ ನನ್ನ ಕತ್ತರಿ ಹೊರಬರುವುದು ಹೂ ಬಾಡಿದ ಎರಡು ಮೂರು ವಾರಗಳೊಳಗೆ ಮಾತ್ರ. ಬಾಡಿದ ಗೊಂಚಲಿನ ಕೆಳಗೆ ಸಿಗುವ ಮೊದಲ ದಪ್ಪ ಮೊಗ್ಗಿನ ಜೋಡಿಯ ಮೇಲಕ್ಕೆ ಕತ್ತರಿಸುತ್ತೇನೆ. ತೀರ ಮುದಿಯಾದ ಕಾಂಡಗಳಲ್ಲಿ ನಾಲ್ಕಕ್ಕೊಂದರಂತೆ ಬುಡದಿಂದಲೇ ತೆಗೆಯುತ್ತೇನೆ. ಪೊದೆ ಕಾಡು ಬಿದ್ದಿಲ್ಲ. ನನ್ನದು ಮ್ಯಾಕ್ರೊಫಿಲಾ ಎಂಬ ಹೈಡ್ರೇಂಜಿಯ ಜಾತಿ. ಪ್ಯಾನಿಕ್ಯುಲಾಟ ಮತ್ತು ಆರ್ಬೊರೆಸೆನ್ಸ್ ಎಂಬ ಬೇರೆ ಜಾತಿಗಳು ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಈ ಮಾತು ಅವುಗಳಿಗೆ ಸಲ್ಲುವುದಿಲ್ಲ.

ಹೂ ಬಂದ ಮೊದಲ ವರ್ಷ ಎಲ್ಲವೂ ಮಾಸಲು ಗುಲಾಬಿ ಬಣ್ಣದವು. ನೀಲಿ ಬೇಕೆಂಬ ಹಟಕ್ಕೆ ಬಿದ್ದು ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂತೆ, ಕಾಫಿ ಗಸಿ ಸುರಿದೆ. ಎರಡರಿಂದಲೂ ಏನೂ ಆಗಲಿಲ್ಲ. ನೀಲಿಗೆ ಬೇಕಾದದ್ದು ಕಬ್ಬಿಣವಲ್ಲ, ಅಲ್ಯೂಮಿನಿಯಂ. ಮಣ್ಣು ಹುಳಿಯಾಗಿದ್ದರೆ ಮಾತ್ರ ಬೇರು ಅದನ್ನು ಹೀರಬಲ್ಲದು. ನನ್ನ ಮಣ್ಣಿನ ರಸಸಾರ (ಪಿಎಚ್; ಅಂಕಿ ಇಳಿದಷ್ಟೂ ಮಣ್ಣು ಹುಳಿ) 7ರ ಹತ್ತಿರವಿತ್ತು, ಹಾಕುತ್ತಿದ್ದ ಗಡಸು ನೀರು ಅದನ್ನು ಇಳಿಯಗೊಡುತ್ತಿರಲಿಲ್ಲ. ಮಳೆನೀರು ಹಿಡಿದಿಟ್ಟು ಎರೆಯತೊಡಗಿದೆ. ಅಲ್ಯೂಮಿನಿಯಂ ಸಲ್ಫೇಟನ್ನು ನಾಲ್ಕು ಲೀಟರು ನೀರಿಗೆ ಸುಮಾರು ಒಂದು ದೊಡ್ಡ ಚಮಚದಂತೆ ಕರಗಿಸಿ, ಬುಡವನ್ನು ಮೊದಲೇ ನೆನೆಸಿಕೊಂಡು ಹಾಕಿದೆ. ಒಣಮಣ್ಣಿಗೆ ಹಾಕಿ ಒಂದು ಕುಂಡದ ಗಿಡದ ಬೇರು ಸುಟ್ಟ ಮೇಲೆ ಕಲಿತ ಪಾಠವಿದು. ಎಲುಬಿನ ಪುಡಿಯನ್ನು ಪೂರ್ತಿ ನಿಲ್ಲಿಸಿದೆ, ಏಕೆಂದರೆ ಅದರ ರಂಜಕವು ಅಲ್ಯೂಮಿನಿಯಮನ್ನು ಮಣ್ಣಿನಲ್ಲೇ ಕಟ್ಟಿಹಾಕುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದ ಮುಂದಿನ ಹಂಗಾಮಿನಲ್ಲಿ ನೀಲಿ ಬಂತು. ಎಷ್ಟು ದಿನಕ್ಕೊಮ್ಮೆ ಹಾಕುತ್ತೇನೆ, ಬುಡದ ಮುಚ್ಚಿಗೆಗೆ ಏನು ಬೆರೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಿಳಿಹೂವಿನ ಗಿಡಕ್ಕೂ ಇದನ್ನೇ ಮಾಡಿ ಎರಡು ವರ್ಷ ಕಾದೆ. ಅದು ಬಿಳಿಯಾಗಿಯೇ ಉಳಿಯಿತು, ಸಲ್ಫೇಟಿನ ಖರ್ಚು ವ್ಯರ್ಥವಾಯಿತು.

ಈಗ ಗಿಡ ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಹೂ ಬಿಡದ ಎಳೆಯ ರೆಂಬೆಯಿಂದ ಐದಾರು ಅಂಗುಲದ ಕಡ್ಡಿ ತೆಗೆದು, ಕೆಳಗಿನ ಎಲೆ ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ನೆರಳಿನಲ್ಲಿ ಮರಳು ಬೆರೆತ ಮಣ್ಣಿಗೆ ನೆಟ್ಟರೆ ನಾಲ್ಕು ವಾರದೊಳಗೆ ಬೇರು ಬರುತ್ತದೆ. ಕಳೆದ ಸಲ ನೆಟ್ಟ 20ರಲ್ಲಿ 14 ಉಳಿದವೆಂದು ನೆನಪು. ಹೂವಿನ ಬಣ್ಣ ಹೋಲಿಸಿ ನೋಡಲೆಂದು ಅವುಗಳಲ್ಲಿ ಅರ್ಧವನ್ನು ಸುಣ್ಣ ಬೆರೆಸಿದ ಮಣ್ಣಿಗೂ, ಅರ್ಧವನ್ನು ತಾಯಿಗಿಡದ ಹುಳಿಮಣ್ಣಿಗೂ ವರ್ಗಾಯಿಸಿದ್ದೇನೆ. ಸುಣ್ಣದ ಮಣ್ಣಿನವುಗಳಲ್ಲಿ ಎರಡರ ಎಳೆ ಎಲೆಗಳು ಕಬ್ಬಿಣ ಸಿಗದೆ ಹಳದಿಯಾಗತೊಡಗಿವೆ, ನರಗಳಷ್ಟೇ ಹಸಿರಾಗಿ ಉಳಿದಿವೆ. ಸುಣ್ಣ ತುಸು ಹೆಚ್ಚೇ ಆಗಿದೆ. ಉಳಿದವು ಚೆನ್ನಾಗಿವೆ, ಮೊನ್ನೆ ನೋಡಿದಾಗ ಮೂರರ ತುದಿಯಲ್ಲಿ ಮೊಗ್ಗು ದಪ್ಪಗಾಗಿತ್ತು.